ದಾನವೂ ದಾಸೋಹವೂ

ಕೊಡುವವನು ದೊಡ್ಡವನು, ಕೈಯೊಡ್ಡುವವನು ಸಣ್ಣವನು ಎಂಬ ಭಾವನೆ ಲೋಕದಲ್ಲಿ ಬೇರೂರಿದೆ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಗುರುವು ಕೊಡುವವನಿಗೆ ಲಜ್ಜೆಯೂ ಇರಬೇಕೆಂದು ಬೋಧಿಸುತ್ತಾನೆ. ಆದರೆ ಆ ಬೋಧೆಯನ್ನು ನೆನಪಿನಲ್ಲಿಟ್ಟು ಕೊಟ್ಟವರು ವಿರಳ. ಶರಣರು ದಾನವೆಂಬ ಮಾತನ್ನು ಹಿಂದಿಕ್ಕಿ ದಾಸೋಹವೆಂದರು. ದಾಸೋಹವೆಂದರೆ ‘ನಾನು ದಾಸನು’ ಎಂಬ ಭಾವ. ಅಲ್ಲಿ ನೀಡುವವನೇ ಸೇವಕನು, ಉಣ್ಣುವವನು ಒಡೆಯನು. ಇದು ಬರಿಯ ಶಬ್ದಭೇದವೆಂದು ವಾದಿಸುವವರೂ ಉಂಟು. ಯುದ್ಧದಲ್ಲಿ ಮನೆಮಾರು ಕಳೆದುಕೊಂಡ ಕುಟುಂಬವೊಂದನ್ನು ಅನ್ಯರು ತಮ್ಮ ಮನೆಯೊಳಕ್ಕೆ ಬರಮಾಡಿಕೊಂಡಾಗ ಆ ವಾದದ ಟೊಳ್ಳು ಹೊರಬೀಳುತ್ತದೆ. ಇದಕ್ಕೆ ಪೋಲಂಡ್ ದೇಶದ ಇತ್ತೀಚಿನ ವೃತ್ತಾಂತವು ತಕ್ಕ ದೃಷ್ಟಾಂತವಾಗಿದೆ.

2022ನೆಯ ಇಸವಿ ಫೆಬ್ರುವರಿ 24ರಂದು ರಷ್ಯದ ಸೈನ್ಯವು ಉಕ್ರೇನಿನ ಮೇಲೆ ಹಲವು ದಿಕ್ಕುಗಳಿಂದ ಏರಿಬಂದಿತು. 18ರಿಂದ 60 ವರ್ಷದೊಳಗಿನ ಗಂಡಸರು ದೇಶ ಬಿಡಕೂಡದೆಂದು ಉಕ್ರೇನಿನ ಸರಕಾರವು ಆಗ ಕಟ್ಟುಮಾಡಿದ್ದುದರಿಂದ ಹೊರಟವರು ಬಹುಮಟ್ಟಿಗೆ ಹೆಂಗಸರು, ಮಕ್ಕಳು, ಮುದುಕರು. ಒಂದು ತಿಂಗಳೊಳಗಾಗಿ 20 ಲಕ್ಷಕ್ಕೂ ಮಿಕ್ಕ ಜನ ಪೋಲಂಡಿನ ಗಡಿ ದಾಟಿದರು. ಗಡಿಗೆ ಸಮೀಪವಾದ ಪ್ಶೆಮಿಶ್ಲ್ ಪಟ್ಟಣದ ರೈಲು ನಿಲ್ದಾಣದಲ್ಲಿ, ಆ ಮಾರ್ಚ್ ತಿಂಗಳಲ್ಲಿ, ಪೋಲಂಡಿನ ತಾಯಂದಿರು ಕೂಸುಗಳ ತಳ್ಳುಗಾಡಿಗಳನ್ನು ತಂದು ಪ್ಲಾಟ್‌ಫಾರಮ್ಮಿನ ಮೇಲೆ ನಿಲ್ಲಿಸಿ ಹೊರಟುಹೋದರು. ಮಗುವನ್ನು ಕಂಕುಳಲ್ಲಿ ಹೊತ್ತು ರೈಲಿನಿಂದಿಳಿದ ತಾಯಿಗೆ ಗಾಡಿ ಮಾತ್ರ ಕಾಣುತ್ತಿತ್ತು, ಕೊಟ್ಟವಳು ಕಾಣುತ್ತಿರಲಿಲ್ಲ. ಯಾರಿಗೆ ಕೈಮುಗಿಯಬೇಕೆಂಬ ಸಂಕೋಚವೂ ಅವಳಿಗೆ ಉಳಿಯಲಿಲ್ಲ. ದಾಸೋಹವೆಂಬ ಹೆಸರನ್ನು ಎಂದೂ ಕೇಳದ ಆ ತಾಯಂದಿರು ಅದರ ಮರ್ಮವನ್ನು ಬಲ್ಲವರಾಗಿದ್ದರು.

ಈ ಎರಡು ಜನಾಂಗಗಳ ನಡುವೆ ಹಿಂದೆ ಸ್ನೇಹವೇ ಇತ್ತೆಂದು ತಿಳಿಯಬಾರದು. 1943-44ರಲ್ಲಿ ವೊಲ್ಹೀನಿಯಾ ಪ್ರಾಂತದಲ್ಲಿ ಉಕ್ರೇನಿನ ಬಂಡುಗಾರ ಪಡೆಗಳು ಹತ್ತಾರು ಸಾವಿರ ಪೋಲಿಷ್ ಗ್ರಾಮಸ್ಥರನ್ನು ಕೊಂದುವು. ಆ ನೆನಪು ಪೋಲಂಡಿನ ಮನೆಗಳಲ್ಲಿ ಇನ್ನೂ ಆರಿಲ್ಲ. ಅದಿದ್ದೂ ಬಾಗಿಲು ತೆರೆಯಿತೆಂಬುದು ಸಣ್ಣ ಮಾತಲ್ಲ.

ಆದರೆ ನಿಲ್ದಾಣದಲ್ಲಿ ಗಾಡಿಯಿಟ್ಟು ಮರೆಯಾಗುವುದು ಸುಲಭ. ಒಂದೇ ಸೂರಿನಡಿ ತಿಂಗಳುಗಟ್ಟಲೆ ಇರುವಾಗ ಮರೆಯಾಗುವುದು ಹೇಗೆ? ನಿರಾಶ್ರಿತರನ್ನು ಇರಿಸಿಕೊಂಡ ಮನೆಯವರಿಗೆ ಪೋಲಂಡಿನ ಸರಕಾರವು ತಲೆಗೆ ದಿನಕ್ಕೆ 40 ಜ್ಲೋಟಿಯಂತೆ, ಮೊದಲು 60 ದಿನ, ಅನಂತರ 120 ದಿನಗಳವರೆಗೆ ಕೊಟ್ಟಿತು. ಊರೂರಿನ ಸೇವಾಸಂಘಗಳು ಬಟ್ಟೆಬರೆ, ಔಷಧ, ಮಕ್ಕಳ ಪುಸ್ತಕಗಳನ್ನು ಒದಗಿಸಿದುವು. ಅಂತಹ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಬಂದವರು ಒಬ್ಬ ತಾಯಿ, ಇಬ್ಬರು ಮಕ್ಕಳು, ಒಬ್ಬ ಅಜ್ಜಿ. ಮೊದಲ ವಾರ ಮನೆಯೊಡತಿ ಆ ತಾಯಿಯನ್ನು ಒಲೆಯ ಬಳಿಗೆ ಸುಳಿಯಗೊಡುವುದಿಲ್ಲ. “ನೀವು ಕುಳಿತುಕೊಳ್ಳಿ, ಪಟ್ಟ ಕಷ್ಟವೇ ಸಾಕು” ಎನ್ನುತ್ತಾಳೆ. ಇದು ನಿಜವಾದ ಕರುಣೆಯೇ ಸರಿ. ಎರಡನೆಯ ತಿಂಗಳಲ್ಲಿಯೂ ಅದೇ ಮಾತು ನಡೆದರೆ ಅದರ ಗುಣ ಬೇರೆಯಾಗುತ್ತದೆ. ಮನೆಯನ್ನೂ ಊರನ್ನೂ ಗಂಡನ ಸಾಮೀಪ್ಯವನ್ನೂ ಕಳೆದುಕೊಂಡವಳಿಗೆ ಉಳಿದಿದ್ದುದು ತನ್ನ ಎರಡು ಕೈಗಳು. ಆ ಕೈಗಳಿಗೂ ಕೆಲಸವಿಲ್ಲವೆಂದರೆ ಬಾಂಬು ಮಾಡದೆ ಬಿಟ್ಟ ಕೆಲಸವನ್ನು ಕರುಣೆ ಮಾಡಿ ಮುಗಿಸಿದಂತಾಯಿತು. ಅವಳು ಒಂದು ದಿನ ಬೀಟ್‌ರೂಟಿನ ಸಾರು ಮಾಡಿ ಎಲ್ಲರಿಗೂ ಬಡಿಸಲಿ. ಅಂದು ಆ ಮನೆಯಲ್ಲಿ ಅತಿಥಿ ಯಾರು, ಆತಿಥೇಯ ಯಾರು ಎಂಬ ಲೆಕ್ಕ ತಪ್ಪುತ್ತದೆ. ತಪ್ಪಬೇಕಾದ ಲೆಕ್ಕವೇ ಅದು. (ಬೋರ್ಷ್ ಎಂಬ ಈ ಸಾರಿನ ಉಕ್ರೇನಿನ ಪಾಕಸಂಪ್ರದಾಯವನ್ನು 2022ರ ಜುಲೈಯಲ್ಲಿ ಯುನೆಸ್ಕೋ ಸಂಸ್ಥೆಯು ತುರ್ತಾಗಿ ರಕ್ಷಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು.)

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವ ದಂಪತಿಗಳೂ ದಾಸೋಹ ಮಾಡುತ್ತಿದ್ದರು. ಕೊಡುವ ಅಧಿಕಾರವು ಉಳ್ಳವರ ಸೊತ್ತಲ್ಲವೆಂಬುದನ್ನು ಆ ಮನೆಯು ತೋರಿಸಿತು.

ಪೋಲಂಡಿನಲ್ಲಿ ಕೆಲವು ಸೇವಾಸಂಸ್ಥೆಗಳು ಈ ಸೂಕ್ಷ್ಮವನ್ನರಿತು ನಡೆದುವು. ಬಂದವರಲ್ಲಿ ಶಿಕ್ಷಕಿಯರು ಅನೇಕರಿದ್ದರು. ಲಿಪಿಯೇ ಬೇರೆಯಾದ ನಾಡಿನಲ್ಲಿ ಅವರ ವಿದ್ಯೆಗೆ ಬೆಲೆಯಿಲ್ಲದೆ ಹೋಟೆಲುಗಳಲ್ಲಿ ಕೊಠಡಿ ಗುಡಿಸುವ ಕೆಲಸವೇ ಗತಿಯಾಗುವ ಸಂಭವವಿತ್ತು. ಆ ಸಂಸ್ಥೆಗಳು ವೇತನ ಕೊಟ್ಟು ಅವರನ್ನು ಪೋಲಂಡಿನ ಶಾಲೆಗಳಲ್ಲಿ ಸಹಾಯಕರನ್ನಾಗಿ ನೇಮಿಸಿದುವು. ಭಾಷೆ ತಿಳಿಯದೆ ಅಳುತ್ತಿದ್ದ ಉಕ್ರೇನಿನ ಮಕ್ಕಳ ಪಕ್ಕದಲ್ಲಿ ಅವರು ಕುಳಿತರು. ಕಂಬಳಿಯ ಗಂಟನ್ನು ಹೊರಿಸಿ ಕಳುಹಿಸುವುದಕ್ಕಿಂತ ಇದು ಕಷ್ಟದ ಕೆಲಸ, ಖರ್ಚಿನ ಕೆಲಸವೂ ಹೌದು. ಆದರೆ ಆ ಶಿಕ್ಷಕಿಗೆ ದೊರೆತದ್ದು ಸಂಬಳ ಮಾತ್ರವಲ್ಲ, ತನ್ನ ಕಾಯಕ.

ನೀಡುವವರಾದ ಪೋಲಂಡಿನವರು ತಾವೇ ಒಂದು ಕಾಲಕ್ಕೆ ಬೇಡುವವರಾಗಿದ್ದರೆಂಬುದೂ, ಅವರು ಬಂದು ನಿಂತದ್ದು ಕನ್ನಡನಾಡಿನ ನೆರೆಯಲ್ಲಿಯೇ ಎಂಬುದೂ ಇಲ್ಲಿ ನೆನೆಯಬೇಕಾದ ಸಂಗತಿ. 1940-41ರಲ್ಲಿ ಸೋವಿಯೆಟ್ ಸರಕಾರವು ಪೂರ್ವ ಪೋಲಂಡಿನಿಂದ ಸೈಬೀರಿಯ ಮೊದಲಾದ ಕಡೆಗೆ ಸಾಗಿಸಿದ ಕುಟುಂಬಗಳಲ್ಲಿ ಕೆಲವು, ಬಿಡುಗಡೆಯಾದ ಮೇಲೆ ಇರಾನಿನ ಮಾರ್ಗವಾಗಿ ಭಾರತಕ್ಕೆ ಬಂದುವು. 1942ರಲ್ಲಿ ನವಾನಗರದ ಜಾಮ್‌ಸಾಹೇಬ ದಿಗ್ವಿಜಯಸಿಂಹಜಿಯವರು ಬಾಲಾಚಡಿಯಲ್ಲಿ ಅವರ ಮಕ್ಕಳಿಗೆ ಆಶ್ರಯವಿತ್ತರು. ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಮಂದಿ ನೆಲೆಸಿದರು. ಅಲ್ಲಿಯೂ ಹೆಂಗಸರು, ಮಕ್ಕಳೇ ಹೆಚ್ಚು. ಆ ಶಿಬಿರದಲ್ಲಿ ಅವರು ತಮ್ಮವೇ ಶಾಲೆಗಳನ್ನೂ ಚರ್ಚನ್ನೂ ನಡೆಸಿಕೊಂಡು, ತಮ್ಮ ಮಕ್ಕಳಿಗೆ ತಮ್ಮ ನುಡಿಯಲ್ಲಿ ಪಾಠ ಹೇಳಿದರು. ಆಶ್ರಯ ಕೊಟ್ಟವರು ಅದಕ್ಕೆ ಅಡ್ಡಬರಲಿಲ್ಲ. ಕೊಡುವವನು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವುದೂ ಕೊಡುಗೆಯೇ ಆಗಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕಾಯಕವೇ ಹಿರಿದಾದರೆ, ದುಡಿದವರಿಗೆ ಮಾತ್ರ ನೆರವು ಎಂದರಾಯಿತಲ್ಲ? ಪೋಲಂಡಿನಲ್ಲಿಯೂ ಉತ್ಸಾಹ ಇಳಿಯಿತು, ಗೊಣಗಾಟ ಹೆಚ್ಚಿತು. ಉಕ್ರೇನಿನವರ ಮಕ್ಕಳಿಗೆ ಕೊಡುವ ಮಾಸಿಕ ಸಹಾಯಧನವನ್ನು 2025ರ ಕಾನೂನೊಂದು ತಂದೆತಾಯಿಗಳ ದುಡಿಮೆಗೆ ಗಂಟುಹಾಕಿತು. ಬೊಕ್ಕಸವನ್ನು ಕಾಯುವವರಿಗೆ ಅವರದೇ ಆದ ಕಷ್ಟಗಳಿರುತ್ತವೆ. ಆದರೂ ದುಡಿಯಲು ಎಡೆಮಾಡಿಕೊಡುವುದು ಬೇರೆ, ದುಡಿಮೆಯನ್ನು ಅನ್ನದ ಬೆಲೆಯಾಗಿ ಕೇಳುವುದು ಬೇರೆ. ಮೊದಲನೆಯದರಲ್ಲಿ ಕಾಯಕವು ದುಡಿಯುವವನದು. ಎರಡನೆಯದರಲ್ಲಿ ಅದು ಸುಂಕ.

ಮೇಲೆ ಹೇಳಿದ ಮನೆಯ ಅಜ್ಜಿ ಯಾವ ಸುಂಕವನ್ನೂ ತೆರಲಾರಳು. ಈ ವಯಸ್ಸಿನಲ್ಲಿ ಅವಳಿಗೆ ಹೊಸ ಲಿಪಿ ಹತ್ತುವುದಿಲ್ಲ, ಸಾರು ಕಲಕುವಷ್ಟು ಹೊತ್ತು ನಿಲ್ಲಲು ಮೊಣಕಾಲಿನಲ್ಲಿ ಕಸುವಿಲ್ಲ. ಅವಳಲ್ಲಿ ಇರುವುದು ಬಿಟ್ಟುಬಂದ ಊರಿನ ಮಾತು, ತೋಟದ ಮಾತು. ಮನೆಯೊಡತಿ ಸಂಜೆ ಕೆಲಸ ಬಿಟ್ಟು ಅವಳ ಪಕ್ಕದಲ್ಲಿ ಕುಳಿತರೆ, ಅಜ್ಜಿ ಹೇಳುತ್ತಾಳೆ. ಪೋಲಿಷ್ ನುಡಿಯೂ ಉಕ್ರೇನಿನ ನುಡಿಯೂ ಒಂದೇ ಕುಲದವು. ಅರ್ಧದಷ್ಟು ತಿಳಿಯುತ್ತದೆ, ಉಳಿದರ್ಧವನ್ನು ಅವಳು ತಿಳಿಯದೆಯೇ ಕೇಳಿಕೊಂಡು ಕುಳಿತಿರುತ್ತಾಳೆ.