ಚೌಕವಿಲ್ಲದ ಸಾಲು

ಇವತ್ತಿನ ನನ್ನ ಪಟ್ಟಿ ಹೀಗಿದೆ: ಅರ್ಧ ಗಂಟೆ ನಡಿಗೆ, ಇಪ್ಪತ್ತು ಪುಟ ಓದು, ಸಿಸ್ಟಂ ಡಿಸೈನ್ ಕೋರ್ಸಿನ ಒಂದು ಪಾಠ, ವಿಮೆಯ ಕಂತು, ಅಮ್ಮನಿಗೆ ಫೋನ್, ಹತ್ತೂವರೆಗೆ ನಿದ್ದೆ. ಒಟ್ಟು ಆರು ಸಾಲು. ಹೆಚ್ಚೂಕಮ್ಮಿ ನಿಮ್ಮದೂ ಹೀಗೇ ಇರಬಹುದು. ಕೋರ್ಸಿನ ಹೆಸರು ಬೇರೆ ಇರುತ್ತೆ, ಅಷ್ಟೆ.

ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿಯೊಬ್ಬ ಇಂಥದ್ದೇ ಒಂದು ದಿನದ ಪಟ್ಟಿ ನೋಡಿ, "ಅಮ್ಮನಿಗೂ ಟಿಕೆಟ್ ಓಪನ್ ಮಾಡಿದ್ದೀಯಲ್ಲೋ ಮಾರಾಯ!" ಅಂದಿದ್ದ. ಟೇಬಲ್ ಪೂರ್ತಿ ನಕ್ಕಿತು, ನಾನೂ ನಕ್ಕೆ. ಆದರೆ ಆ ತಮಾಷೆಯೊಳಗೆ ಒಂದು ಆಪಾದನೆ ಇತ್ತು, ಅದಕ್ಕೆ ಉತ್ತರ ಹುಡುಕಬೇಕು ಅನ್ನಿಸಿತು. ಪ್ರೀತಿ ಇರುವ ಕಡೆ ಬರೆದಿಟ್ಟುಕೊಳ್ಳಬೇಕಾ? ಮರೆತುಹೋಗುವ ಕೆಲಸಗಳಿಗೆ ಪಟ್ಟಿ ಬೇಕು, ಸರಿ. ಅಮ್ಮ ಆ ಸಾಲಿಗೆ ಬಂದಿದ್ದಾಳೆ ಅಂದರೆ ಏನರ್ಥ?

ಮೊದಲು ಪಟ್ಟಿಯ ಪರವಾಗಿ ಒಂದಿಷ್ಟು ವಕಾಲತ್ತು. ನಮ್ಮ ಮನೆಯಲ್ಲಿ ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಅಜ್ಜನ ತಿಥಿ ಯಾವತ್ತು ಬರುತ್ತೆ ಅಂತ ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲಿನಿಂದ ಸುತ್ತು ಹಾಕುತ್ತಿದ್ದರು. ತಾರೀಖಿನ ಲೆಕ್ಕದಲ್ಲಿ ಅದು ಪ್ರತಿ ವರ್ಷ ಹಿಂದೆ ಮುಂದೆ ಆಗುವುದರಿಂದ ಗುರುತು ಮಾಡದೆ ವಿಧಿಯಿಲ್ಲ. ಆ ಪೆನ್ಸಿಲ್ ಸುತ್ತನ್ನು ನೋಡಿ ಯಾರೂ "ಏನಪ್ಪಾ, ಹೆತ್ತ ಅಪ್ಪನ್ನೇ ಮರೆತುಬಿಟ್ಟಿದ್ದೀಯಾ?" ಅಂತ ಕೇಳಲಿಲ್ಲ. ಗುರುತು ಹಾಕಿಟ್ಟದ್ದೇ ಗೌರವ ಆಗಿತ್ತು. ಹಾಗಾಗಿ ಬರೆದಿಡುವುದರಲ್ಲಿ ಪ್ರೀತಿಗೆ ಕುಂದೇನೂ ಇಲ್ಲ.

ಬರೆಯುವುದರಿಂದ ತಲೆಗೆ ಸಿಗುವ ಬಿಡುವೂ ಸುಳ್ಳಲ್ಲ. ಬ್ಲೂಮಾ ಜೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ ಬರ್ಲಿನ್ನಿನಲ್ಲಿ ಮಾಡಿದ ಪ್ರಯೋಗಗಳನ್ನು 1927ರಲ್ಲಿ ಪ್ರಕಟಿಸಿದರು. ಅರ್ಧಕ್ಕೆ ತಡೆದ ಕೆಲಸಗಳು ಮುಗಿಸಿದ ಕೆಲಸಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ ಅನ್ನುವುದು ಅವರ ವಾದ. ನಂತರದವರ ಪ್ರಯೋಗಗಳಲ್ಲಿ ಅದು ಎಲ್ಲ ಕಡೆ ಒಂದೇ ಥರ ಬರಲಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ "ಅಯ್ಯೋ, ಆ ಮೇಲ್ ಕಳಿಸಲಿಲ್ಲ" ಅಂತ ಎದ್ದು ಕೂತವರಿಗೆ ಅದು ಯಾವುದರ ಬಗ್ಗೆ ಅಂತ ಗೊತ್ತು. 2011ರಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಅಮೆರಿಕದ ಇಬ್ಬರು ಇದಕ್ಕೆ ಇನ್ನೊಂದು ತುದಿ ಸೇರಿಸಿದರು: ಕೆಲಸ ಮುಗಿಯಲೇಬೇಕೆಂದಿಲ್ಲ, ಯಾವಾಗ, ಹೇಗೆ ಮಾಡುತ್ತೇನೆ ಅಂತ ಖಚಿತವಾಗಿ ಯೋಜನೆ ಹಾಕಿಕೊಂಡರೂ ಅದು ತಲೆ ತಿನ್ನುವುದು ನಿಲ್ಲುತ್ತೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ರ‍್ಯಾಮ್‌ನಿಂದ ತೆಗೆದು ಡಿಸ್ಕಿಗೆ ಹಾಕಿದ ಹಾಗೆ.

ಹಾಗಾದರೆ ಸಹೋದ್ಯೋಗಿಯ ಆ ತಮಾಷೆ ಚುಚ್ಚಿದ್ದು ಎಲ್ಲಿ? ನನಗನ್ನಿಸುವಂತೆ, ಬರೆದ ಸಾಲಿನಲ್ಲಲ್ಲ, ಅದರ ಎಡಕ್ಕಿರುವ ಪುಟ್ಟ ಚೌಕದಲ್ಲಿ.

ಈ ಚೌಕದ ಚರಿತ್ರೆ ಬರೆಯುವವರು ಬೆಂಜಮಿನ್ ಫ್ರಾಂಕ್ಲಿನ್ನನ ಹತ್ತಿರ ನಿಲ್ಲಲೇಬೇಕು. ಹದಿನೆಂಟನೇ ಶತಮಾನದ ಈ ಮುದ್ರಕ, ವಿಜ್ಞಾನಿ, ರಾಜತಾಂತ್ರಿಕ ತನ್ನ ಆತ್ಮಕಥೆಯಲ್ಲಿ ಹದಿಮೂರು ಗುಣಗಳ ಪಟ್ಟಿ ಕೊಡುತ್ತಾನೆ: ಮಿತಾಹಾರ, ಮೌನ, ಅಚ್ಚುಕಟ್ಟು, ಉಳಿತಾಯ, ದುಡಿಮೆ, ಪ್ರಾಮಾಣಿಕತೆ ಹೀಗೆ. ಚಿಕ್ಕ ಪುಸ್ತಕವೊಂದರಲ್ಲಿ ಅಡ್ಡಕ್ಕೆ ವಾರದ ಏಳು ದಿನ, ಉದ್ದಕ್ಕೆ ಹದಿಮೂರು ಗುಣ. ವಾರಕ್ಕೊಂದು ಗುಣಕ್ಕೆ ವಿಶೇಷ ಗಮನ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಸ್ಪ್ರಿಂಟ್ ಪ್ಲಾನಿಂಗ್ ಮಾಡುವ ನಮಗೆ ಇದು ಹೊಸದಾಗಿ ಕಾಣುವುದೇ ಇಲ್ಲ. ಅವನಿಗೆ ಅತಿ ಹೆಚ್ಚು ಕಾಡಿದ್ದು ಯಾವುದು ಗೊತ್ತಾ? ಅಚ್ಚುಕಟ್ಟು! ಪಟ್ಟಿ ಹಾಕಿದ ಮಹಾನುಭಾವನಿಗೇ ತನ್ನ ಕಾಗದ ಪತ್ರ ಜೋಡಿಸಿಡಲು ಆಗುತ್ತಿರಲಿಲ್ಲ. ಇದನ್ನು ಓದಿದ ದಿನ ನನ್ನ ಡೆಸ್ಕ್‌ಟಾಪಿನ ಐಕಾನುಗಳನ್ನು ನೋಡಿ ಸ್ವಲ್ಪ ಸಮಾಧಾನವಾಯಿತು.

ಫ್ರಾಂಕ್ಲಿನ್ನನ ಪುಸ್ತಕಕ್ಕೂ ನಮ್ಮ ಆಪ್‌ಗಳಿಗೂ ಎರಡು ವ್ಯತ್ಯಾಸ ಇದೆ, ಎರಡೂ ಸಣ್ಣವಲ್ಲ. ಅವನು ಗುರುತು ಹಾಕುತ್ತಿದ್ದದ್ದು ತಪ್ಪಿದ್ದಕ್ಕೆ. ದಿನದ ಕೊನೆಗೆ ಪುಟ ಖಾಲಿ ಇದ್ದರೆ ಒಳ್ಳೆಯ ದಿನ. ನಮ್ಮದರಲ್ಲಿ ಪುಟ ತುಂಬಿ ಹಸಿರಾದರೆ ಒಳ್ಳೆಯ ದಿನ, ಜೊತೆಗೆ ಬಣ್ಣದ ಕಾಗದದ ಚೂರು ಉದುರುವ ಅನಿಮೇಷನ್ ಬೇರೆ. ಎರಡನೆಯದು, ಅವನ ದಿನಚರಿಯ ಮೇಲ್ತುದಿಯಲ್ಲಿ ಬೆಳಿಗ್ಗೆ ಐದಕ್ಕೆ ಕೇಳಿಕೊಳ್ಳುವ ಪ್ರಶ್ನೆಯೊಂದಿತ್ತು: ಇವತ್ತು ನಾನು ಯಾವ ಒಳ್ಳೆಯದು ಮಾಡಲಿ? ಸಂಜೆಗೆ ಅದರದೇ ಜೋಡಿ: ಇವತ್ತು ಯಾವ ಒಳ್ಳೆಯದು ಮಾಡಿದೆ? ಅಲ್ಲಿ ದೃಷ್ಟಿ ಹೊರಗಿದೆ. ನಮ್ಮ ಪಟ್ಟಿಗಳ ತಲೆಬರಹ "ನನ್ನ ಗುರಿಗಳು". ಆ ತಲೆಬರಹದ ಕೆಳಗೆ ಅಮ್ಮ ಬಂದಾಗ ಅವಳು ನನ್ನ ಬೆಳವಣಿಗೆಗೆ ನೆರವಾಗುವ ಒಂದು ಚಟುವಟಿಕೆ ಆಗಿಬಿಡುತ್ತಾಳೆ, ಮೂರು ಲೀಟರ್ ನೀರಿನ ಥರ.

ನಾನು ಹುಟ್ಟಿ ಬೆಳೆದದ್ದು ತಿಪಟೂರಿನ ಆಚೆ, ತೆಂಗಿನ ತೋಟದ ಊರಿನಲ್ಲಿ. ಅಲ್ಲಿ ಯಾರ ಜೇಬಿನಲ್ಲೂ ಪಟ್ಟಿ ಇರಲಿಲ್ಲ, ಕೆಲಸವೇ ಬಂದು ಕರೆಯುತ್ತಿತ್ತು. ಐದೂವರೆಗೆ ಕೊಟ್ಟಿಗೆಯಲ್ಲಿ ಹಸು ಅಂಬಾ ಅನ್ನುತ್ತಿತ್ತು. ಡೈರಿಯ ಮುಂದೆ ಕ್ಯಾನುಗಳ ಸದ್ದಾದರೆ ಹಾಲು ಹಾಕುವ ಹೊತ್ತು. ರಾತ್ರಿ ಎರಡಕ್ಕೆ ತ್ರೀ ಫೇಸ್ ಕರೆಂಟ್ ಬಂದರೆ ಅಪ್ಪ ಟಾರ್ಚ್ ಹಿಡಿದು ಮೋಟರ್ ಹಾಕಲು ಹೊರಡುತ್ತಿದ್ದ. ಮುಂಗಾರಿಗೆ ಮುಂಚೆ ಏನು, ಆರಿದ್ರೆಗೆ ಏನು ಅಂತ ಆಕಾಶ ಹೇಳುತ್ತಿತ್ತು. ಯಾರಿಗೆ ನಮ್ಮ ಅಗತ್ಯ ಇತ್ತೋ ಅವರಿಗೆಲ್ಲ ಒಂದೊಂದು ದನಿ ಇತ್ತು, ಆ ದನಿ ನಮ್ಮ ಕಿವಿಗೆ ಬೀಳುವ ದೂರದಲ್ಲಿತ್ತು.

ಇದನ್ನೇ ಹಿಡಿದು "ಹಳ್ಳಿಯ ಬದುಕು ಎಷ್ಟು ಸಹಜ, ನಮ್ಮದು ಎಷ್ಟು ಕೃತಕ" ಅಂತ ಬರೆಯುವ ಲೇಖನಗಳು ಬೇಕಾದಷ್ಟಿವೆ, ಬಹಳಷ್ಟನ್ನು ಬೆಂಗಳೂರಿನಲ್ಲಿ ಕೂತೇ ಬರೆದಿರುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಪ್ಪನಿಗೆ ಹಾರ್ಮೋನಿಯಂ ಕಲಿಯುವ ಆಸೆ ಇತ್ತು. ಊರಿನಲ್ಲಿ ಕುರುಕ್ಷೇತ್ರ ನಾಟಕಕ್ಕೆ ಹಾರ್ಮೋನಿಯಂ ಮೇಷ್ಟ್ರು ಬಂದು ಎರಡೆರಡು ತಿಂಗಳು ಇರುತ್ತಿದ್ದರು, ಅಪ್ಪ ಪಕ್ಕದಲ್ಲಿ ಕೂತು ಅವರ ಬೆರಳು ನೋಡುತ್ತಿದ್ದ. ಅಷ್ಟೆ. ಹಸು, ತೋಟ, ಕರೆಂಟು ಕರೆಯುವ ಆ ಪಟ್ಟಿಯಲ್ಲಿ "ಹಾರ್ಮೋನಿಯಂ, 30 ನಿಮಿಷ" ಅನ್ನುವ ಸಾಲಿಗೆ ಜಾಗವೇ ಇರಲಿಲ್ಲ. ಹಾರ್ಮೋನಿಯಂ ಹಸುವಿನ ಹಾಗೆ ಕೂಗುವುದಿಲ್ಲ ನೋಡಿ. ನಾನು ಪೆನ್ನು ಹಿಡಿದು ನನಗೋಸ್ಕರ ಒಂದು ಸಾಲು ಬರೆದುಕೊಳ್ಳಬಲ್ಲೆ ಅನ್ನುವುದು ಅಪ್ಪನಿಗೆ ಸಿಗದೇ ಇದ್ದ ಸ್ವಾತಂತ್ರ್ಯ. ಸ್ವಂತ ಬೆಳವಣಿಗೆಯ ಪಟ್ಟಿಯನ್ನು ಸ್ವಾರ್ಥ ಅಂತ ಮೂದಲಿಸುವವರಿಗೆ ಈ ಉದಾಹರಣೆ ಹೇಳುತ್ತೇನೆ.

ಆದರೆ ಅದೇ ಊರಿನಿಂದ ಇನ್ನೊಂದು ವಿಷಯವೂ ಕಾಣುತ್ತೆ. ನಗರದಲ್ಲಿ ನಮ್ಮ ಅಗತ್ಯ ಇರುವವರ ದನಿ ನಮಗೆ ಕೇಳುವುದಿಲ್ಲ. ಅಮ್ಮ ಇರುವುದು ನೂರೈವತ್ತು ಕಿಲೋಮೀಟರ್ ದೂರದಲ್ಲಿ. "ಮೀಟಿಂಗಿನಲ್ಲಿ ಇರ್ತಾನೇನೋ" ಅಂತ ಅವಳಾಗಿ ಫೋನ್ ಮಾಡುವುದಿಲ್ಲ. ದಿನವಿಡೀ ಜೋರಾಗಿ ಕೂಗುವವರು ಬೇರೆಯವರೇ: ಚಾಟ್, ಮೇಲ್, ಹತ್ತು ನಿಮಿಷದಲ್ಲಿ ತರಕಾರಿ ತರುವವರ ನೋಟಿಫಿಕೇಷನ್. ಇಂಥ ಕಡೆ ಬುಧವಾರ ಎಂಟೂವರೆಗೆ "ಅಮ್ಮ" ಅಂತ ಫೋನ್ ಸದ್ದು ಮಾಡುತ್ತೆ ಅಂದರೆ, ಕೂಗಲಾರದವರಿಗೆ ನಾನೇ ಒಂದು ದನಿ ಕಟ್ಟಿಕೊಟ್ಟ ಹಾಗೆ. ಅಲ್ಲಿಯ ತನಕ ಪಟ್ಟಿ ಮಾಡುವುದು ಒಳ್ಳೆಯ ಕೆಲಸವೇ.

ತೊಡಕು ಶುರುವಾಗುವುದು ಫೋನ್ ಎತ್ತಿದ ಮೇಲೆ. ಅರಿಸ್ಟಾಟಲ್ ತನ್ನ ಮೆಟಾಫಿಸಿಕ್ಸ್ ಗ್ರಂಥದಲ್ಲಿ ಎರಡು ಬಗೆಯ ಕ್ರಿಯೆಗಳನ್ನು ಬೇರೆ ಮಾಡುತ್ತಾನೆ. ಮನೆ ಕಟ್ಟುವುದು ಒಂದು ಬಗೆ: ಕಟ್ಟುತ್ತಿರುವಾಗ ಕಟ್ಟಿ ಆಗಿರುವುದಿಲ್ಲ, ಕಟ್ಟಿ ಆದ ಮೇಲೆ ಕಟ್ಟುವುದು ಇರುವುದಿಲ್ಲ. ನೋಡುವುದು ಇನ್ನೊಂದು ಬಗೆ: ನೋಡುತ್ತಿರುವ ಆ ಕ್ಷಣದಲ್ಲೇ ನೋಡಿಯೂ ಆಗಿದೆ, ತಲುಪಬೇಕಾದ ಕೊನೆ ಅಂತ ಬೇರೆ ಇಲ್ಲ. ಚೆನ್ನಾಗಿ ಬದುಕುವುದನ್ನು ಅವನು ಈ ಎರಡನೆಯ ಬಗೆಗೆ ಸೇರಿಸುತ್ತಾನೆ. ನಮ್ಮ ಕಚೇರಿಗಳಲ್ಲಿ "ಡೆಫಿನಿಷನ್ ಆಫ್ ಡನ್" ಅಂತ ಒಂದಿದೆಯಲ್ಲ, ಅದು ಮೊದಲ ಬಗೆಯ ಕ್ರಿಯೆಗೆ ಸರಿಯಾಗಿ ಕೂರುತ್ತೆ. ಕೋಡ್ ಬರೆದಾಯ್ತು, ಟೆಸ್ಟ್ ಆಯ್ತು, ಮರ್ಜ್ ಆಯ್ತು, ಮುಗೀತು. ಅಮ್ಮನ ಜೊತೆ ಮಾತಾಡುವುದರ ಡೆಫಿನಿಷನ್ ಆಫ್ ಡನ್ ಏನು? ಮೂರು ನಿಮಿಷ ನಲವತ್ತು ಸೆಕೆಂಡಾ?

ನಮ್ಮಮ್ಮನ ಫೋನಿಗೆ ಒಂದು ಕ್ರಮ ಇದೆ. ಊಟ ಆಯ್ತಾ, ಏನಡಿಗೆ, ಅಲ್ಲಿ ಮಳೆನಾ. ಆಮೇಲೆ ಮೂರು ಸಲ "ಮತ್ತೇನ್ ಸಮಾಚಾರ". ಆಮೇಲೆ "ಸರಿ ಹಾಗಾದ್ರೆ, ಇಡ್ತೀನಿ". ಅವಳು ಹೇಳಬೇಕಾದ ವಿಷಯ ಹೊರಗೆ ಬರುವುದು ಇದಾದ ಮೇಲೆ. ಹೋದ ಆಷಾಢದಲ್ಲಿ "ಇಡ್ತೀನಿ" ಅಂದ ಮೇಲೆ ಅರೆ ನಿಮಿಷ ಬಿಟ್ಟು, "ಅಂದಂಗೆ, ಆ ಬಿಪಿ ಮಾತ್ರೆ ಮುಗಿದು ಹದಿನೈದು ದಿನ ಆಯ್ತು, ಪೇಟೆಗೆ ಹೋಗೋರು ಯಾರೂ ಸಿಗಲಿಲ್ಲ" ಅಂದಳು. ನಾನಿನ್ನೂ ಫೋನ್ ಹಿಡಿದೇ ಇದ್ದೆ. ಮಾರನೇ ದಿನ ಬಸ್ಸಿನಲ್ಲಿ ಮಾತ್ರೆ ಕಳಿಸಿದ್ದಾಯ್ತು. ಯೋಚನೆ ಮಾಡಿ, "ಇಡ್ತೀನಿ" ಅನ್ನುವ ಮಾತಿಗೆ ಟಿಕ್ ಹಾಕುವ ಬೆರಳು ಎಷ್ಟು ಸಲೀಸಾಗಿ ಹೋಗಬಹುದು. ಟಿಕ್ಕಿಗೆ ಬೇಕಾದದ್ದು ಕರೆ ನಡೆಯುವುದು ಮಾತ್ರ. ಮಾತ್ರೆಯ ಸುದ್ದಿ ಅದರ ಲೆಕ್ಕದಲ್ಲಿ ಇಲ್ಲ.

ಚೌಕದ ಪಕ್ಕದಲ್ಲೇ ಬರುವ ಇನ್ನೊಂದು ಪೀಡೆ ಸ್ಟ್ರೀಕ್. ಎಷ್ಟು ದಿನ ಸತತವಾಗಿ ಮಾಡಿದಿರಿ ಅನ್ನುವ ಸಂಖ್ಯೆ, ಪಕ್ಕದಲ್ಲಿ ಪುಟ್ಟ ಬೆಂಕಿಯ ಚಿತ್ರ. ಗೆಳೆಯನೊಬ್ಬ ತನ್ನ ರೂಮ್‌ಮೇಟ್‌ಗೆ ಡೆಂಗ್ಯೂ ಆಗಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಹನ್ನೊಂದೂ ಐವತ್ತಕ್ಕೆ ಕಾರಿಡಾರಿನಲ್ಲಿ ಕೂತು ಜರ್ಮನ್ ಪಾಠ ಮುಗಿಸುತ್ತಿದ್ದ, ಇನ್ನೂರು ಚಿಲ್ಲರೆ ದಿನಗಳ ಸ್ಟ್ರೀಕ್ ಉಳಿಸಲಿಕ್ಕೆ. "ಇವತ್ತು ನನ್ನ ಕೈಲಿರೋದು ಇದೊಂದೇ ಕಣೋ" ಅಂದ. ಪ್ಲೇಟ್‌ಲೆಟ್ ಎಣಿಕೆ ಇಳಿಯುತ್ತಿರುವ ರಾತ್ರಿ ಆ ಮಾತನ್ನು ನಗುವುದು ನನ್ನಿಂದ ಆಗಲಿಲ್ಲ, ಈಗಲೂ ಆಗುವುದಿಲ್ಲ. ಆದರೂ ಆ ಸಂಖ್ಯೆ ಯಾರದ್ದು, ಅವನನ್ನು ಅದು ಕಾಯುತ್ತಿತ್ತಾ, ಅವನೇ ಅದನ್ನು ಕಾಯುತ್ತಿದ್ದನಾ?

ಸ್ಟ್ರೀಕ್ ವಿಷಯದಲ್ಲಿ ನನಗೆ ಫ್ರಾಂಕ್ಲಿನ್ನನಿಗಿಂತ ಆಯ್ದಕ್ಕಿ ಲಕ್ಕಮ್ಮ ಹತ್ತಿರವಾಗುತ್ತಾಳೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯನ ಕಾಯಕ ಚೆಲ್ಲಿದ ಅಕ್ಕಿ ಆಯ್ದು ತರುವುದು. ಅದರಲ್ಲೇ ದಾಸೋಹ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ, ಇಷ್ಟು ನಮಗೆ ಬೇಡ, ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದ ಕಥೆ ಶಾಲೆಯಲ್ಲೇ ಓದಿರುತ್ತೀರಿ. ಇದನ್ನು ನಾವು ದುರಾಸೆ ಬೇಡ ಅನ್ನುವ ನೀತಿಪಾಠ ಮಾಡಿ ಬಿಟ್ಟುಬಿಡುತ್ತೇವೆ. ಪ್ರತಿದಿನ ಕೆಲಸ ಮಾಡುವವರ ಕಣ್ಣಿನಿಂದ ನೋಡಿದರೆ ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮಾರಯ್ಯ ನಾಳೆ ಮತ್ತೆ ಹೋಗಬೇಕು, ನಾಡಿದ್ದೂ ಹೋಗಬೇಕು. ಅಷ್ಟರ ಮಟ್ಟಿಗೆ ಅವಳು ನಮ್ಮ ಯಾವ ಹ್ಯಾಬಿಟ್ ಟ್ರ್ಯಾಕರಿಗಿಂತಲೂ ಕಟ್ಟುನಿಟ್ಟು. ಆದರೆ ಇವತ್ತಿನದು ನಾಳೆಗೆ ಜಮಾ ಆಗುವಂತಿಲ್ಲ. ಸ್ಟ್ರೀಕ್ ಅಂದರೆ ಜಮಾ ಆದ ಅಕ್ಕಿ. ಅದು ಹೆಚ್ಚಾದಷ್ಟೂ ಅದನ್ನು ಕಾಯುವ ಕೆಲಸವೇ ದೊಡ್ಡದಾಗುತ್ತಾ ಹೋಗುತ್ತೆ, ಜರ್ಮನ್ ಹಿಂದಕ್ಕೆ ಸರಿಯುತ್ತೆ.

ನಿಮ್ಮಲ್ಲಿ ಯಾರಾದರೂ ಕೇಳಬಹುದು: ಟಿಕ್ ಬೇಡ, ಸ್ಟ್ರೀಕ್ ಬೇಡ ಅಂದರೆ ಮುಂದೆ ಹೋಗುತ್ತಿದ್ದೇವೋ ಇಲ್ಲವೋ ಗೊತ್ತಾಗುವುದು ಹೇಗೆ? ನಡಿಗೆ, ಓದು, ಕಂತು, ಕೋರ್ಸು ಇವಕ್ಕೆ ಟಿಕ್ ಧಾರಾಳವಾಗಿ ಹಾಕಿ. ನಾನೂ ಹಾಕುತ್ತೇನೆ, ಖುಷಿಯಾಗಿಯೇ ಹಾಕುತ್ತೇನೆ. ಅಮ್ಮ, ತಮ್ಮ, ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿರುವ ಹಳೇ ಟೀಮಿನ ಗೆಳೆಯ, ಇವರ ವಿಷಯದಲ್ಲಿ ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ಅನ್ನುವ ಲೆಕ್ಕ ನನ್ನ ಹತ್ತಿರ ಇರುವುದೇ ಇಲ್ಲ. ಅದು ಅವರ ಹತ್ತಿರ ಇರುತ್ತೆ. ಕೇಳಿದರೂ ಹೇಳುವುದಿಲ್ಲ, "ಇಡ್ತೀನಿ" ಅಂದ ಮೇಲೆ ಅಪ್ಪಿತಪ್ಪಿ ಹೇಳಿದರೆ ಹೇಳಿದರು.

ಹಾಗಾಗಿ ನನ್ನ ಪಟ್ಟಿಯಲ್ಲಿ ಈಗ ಹೆಸರುಗಳ ಮುಂದೆ ಚೌಕ ಬರೆಯುವುದಿಲ್ಲ. ಹೆಸರು, ಹೊತ್ತು, ಅಷ್ಟೆ. ಆಪಿನಲ್ಲಿ ಇದನ್ನು ಮಾಡಲು ನೋಡಿದೆ. ಚೌಕವಿಲ್ಲದೆ ಒಂದು ಸಾಲು ಬರೆಯುವ ಅವಕಾಶವೇ ಅದರಲ್ಲಿ ಇಲ್ಲ. ಎಲ್ಲಾ ಸೆಟ್ಟಿಂಗ್ಸ್ ಹುಡುಕಿ, ಕೊನೆಗೆ ನಮ್ಮ ರಸ್ತೆಯ ಅಂಗಡಿಯಲ್ಲಿ ಹಾಲಿನ ಲೆಕ್ಕ ಬರೆಯುವ ಉದ್ದನೆಯ ಪುಸ್ತಕ ಒಂದು ತಂದೆ. ಅದರಲ್ಲಿ ಬರೀ ಗೆರೆಗಳಿವೆ.