ಹಿಂದಿನದೊಂದು

ಕಳೆದ ವಾರ ನನ್ನ ಕಂಪ್ಯೂಟರು ಹೊಸ ಪರಿಷ್ಕರಣೆಗಳನ್ನು ಹಾಕಿಕೊಳ್ಳಲು ಒಪ್ಪಲಿಲ್ಲ. ‘ಬೂಟ್’ ಎಂಬ ವಿಭಾಗದಲ್ಲಿ ಜಾಗವಿಲ್ಲವೆಂಬುದು ಅದರ ದೂರು. ಅದರಲ್ಲಿರುವುದು ಉಬುಂಟು ಲಿನಕ್ಸ್. ಕರ್ನೆಲ್ ಎಂದರೆ ಆ ವ್ಯವಸ್ಥೆಯ ತಿರುಳು. ಯಂತ್ರಕ್ಕೂ ನಮ್ಮ ಕೆಲಸಕ್ಕೂ ನಡುವೆ ನಿಂತು ಎಲ್ಲವನ್ನೂ ನಡೆಸುವುದು ಅದೇ. ಹೊಸ ಕರ್ನೆಲ್ ಬಂದಾಗ ಹಳೆಯದನ್ನು ಎಬ್ಬಿಸಿ ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತದೆ. ಹೀಗೆ ನಾಲ್ಕೈದು ಸೇರಿ ಪುಟ್ಟ ಕೋಣೆ ತುಂಬಿಹೋಗಿತ್ತು.

ಹಿಂದೊಮ್ಮೆ ಹೀಗಾದಾಗ ನಾನು ಹಳೆಯ ಕಡತಗಳನ್ನೆಲ್ಲ ಕೈಯಾರೆ ಅಳಿಸಿ, ಆಗತಾನೆ ಬಂದ ಒಂದನ್ನೇ ಉಳಿಸಿದ್ದೆ. ಮನೆ ಗುಡಿಸಿದಷ್ಟು ತೃಪ್ತಿ. ಮತ್ತೆ ಚಾಲೂ ಮಾಡಿದರೆ ಕಪ್ಪು ಪರದೆ! ಹೊಸದಕ್ಕೂ ನನ್ನ ಯಂತ್ರಕ್ಕೂ ಹೊಂದಿರಲಿಲ್ಲ. ಇಂಥ ಹೊತ್ತಿಗೆಂದೇ ‘ಗ್ರಬ್’ ಎಂಬ ಆರಂಭದ ಪಟ್ಟಿಯಲ್ಲಿ ಹಿಂದಿನ ಕರ್ನೆಲ್ಲನ್ನು ಆರಿಸುವ ದಾರಿಯಿದೆ. ದಾರಿಯಿತ್ತು, ಆರಿಸಲು ಹಿಂದಿನದೇ ಇರಲಿಲ್ಲ.

ಈ ಸಲ ಕ್ರಮವಾಗಿ ನಡೆದೆ. ‘ಯುನೇಮ್ ಮೈನಸ್ ಆರ್’ ಎಂದು ಬರೆದು, ಈಗ ಓಡುತ್ತಿರುವುದು ಯಾವುದೆಂದು ಮೊದಲು ತಿಳಿದುಕೊಂಡೆ. ಕುಳಿತ ಕೊಂಬೆಯನ್ನೇ ಕಡಿಯಬಾರದಲ್ಲ! ಆಮೇಲೆ ‘ಸುಡೊ ಆಪ್ಟ್ ಆಟೊರಿಮೂವ್’ ಎಂದೆ. ತೆಗೆಯುವವುಗಳ ಪಟ್ಟಿಯನ್ನು ತೋರಿಸಿ, ಒಪ್ಪಿಗೆ ಕೇಳಿತು. ಓಡುತ್ತಿರುವುದನ್ನೂ ಇತ್ತೀಚಿನ ಒಂದೆರಡನ್ನೂ ಅದು ಮುಟ್ಟಲಿಲ್ಲ.

ಹಳೆಯದನ್ನೆಲ್ಲ ಇಟ್ಟುಕೊಂಡರೆ ಹೊಸದಕ್ಕೆ ಜಾಗವಿಲ್ಲ. ಒಂದನ್ನೂ ಇಟ್ಟುಕೊಳ್ಳದಿದ್ದರೆ, ಹೊಸದು ತಪ್ಪುವುದೇ ಇಲ್ಲವೆಂದು ನಂಬಿದ ಹಾಗೆ. ಹಿಂದಿನದನ್ನು ಉಳಿಸುವುದು ಅದರ ಮೇಲಿನ ಮಮತೆಗಲ್ಲ. ನಮ್ಮ ತೀರ್ಮಾನದ ಮೇಲೆ ನಮಗಿರಬೇಕಾದ ಸಣ್ಣ ಅನುಮಾನಕ್ಕೆ. ಆ ಅನುಮಾನ ನನಗೆ ತಡವಾಗಿ ಬಂತು.

ಅಪ್ಪಯ್ಯ ಅಡಿಕೆ ತೋಟವನ್ನು ನನ್ನ ಕೈಗೊಪ್ಪಿಸಿದ ವರ್ಷ ಅವರ ಲೆಕ್ಕದ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದೆ. ಅವರು ಏನಾದರೂ ಹೇಳಹೊರಟರೆ, ‘ನಾನು ನೋಡಿಕೊಳ್ತೇನೆ, ಬಿಡಿ’ ಎನ್ನುತ್ತಿದ್ದೆ. ಅವರು ಬಿಟ್ಟರು. ಮೂರನೆಯ ಮಳೆಗಾಲ ಕೊಳೆರೋಗ ಬಂದು ಕಾಯೆಲ್ಲ ಉದುರತೊಡಗಿದಾಗ, ‘ಈಗೇನು ಮಾಡೋಣ, ಅಪ್ಪಯ್ಯ?’ ಎಂದು ಹೋಗಿ ನಿಂತೆ. ಅವರು ತೋಟದ ಕಡೆ ನೋಡಿ, ‘ನೀನು ನೋಡಿಕೊಳ್ತೀಯಲ್ಲ ಮಗಾ’ ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಹೇಳುವ ಅಭ್ಯಾಸ ತಪ್ಪಿಹೋಗಿತ್ತು.

ಕರ್ನೆಲ್ಲನ್ನು ತಿಂಗಳುಗಟ್ಟಲೆ ಮರೆತಿದ್ದರೂ ಕರೆದೊಡನೆ ಏಳುತ್ತದೆ. ಮನುಷ್ಯರು ಹಾಗಲ್ಲ. ಅವರನ್ನು ಉಳಿಸಿಕೊಳ್ಳಬೇಕಾದರೆ, ಎಲ್ಲ ಸರಿಯಿದ್ದಾಗಲೂ ಆಗಾಗ ಕೇಳುತ್ತಿರಬೇಕು.