ಅಡಿಟಿಪ್ಪಣಿಯ ಋಣ

ನೆರೆಮನೆಯ ಹುಡುಗನೊಬ್ಬ ಮೊನ್ನೆ ತನ್ನ ಎಂ.ಎ. ಪ್ರಬಂಧವನ್ನು ಹಿಡಿದುಕೊಂಡು ಬಂದ. “ಆಕರಗಳ ಪಟ್ಟಿಯನ್ನೊಮ್ಮೆ ನೋಡಿಕೊಡಿ ಸಾರ್. ಒಂದು ಚುಕ್ಕೆ ತಪ್ಪಿದರೂ ನಮ್ಮ ಮೇಷ್ಟ್ರು ಹಿಂದಕ್ಕೆ ಕೊಡುತ್ತಾರೆ” ಎಂದ.

ಅವನ ಪೇಚಾಟ ನನಗೆ ಅರ್ಥವಾಯಿತು. ಎ.ಪಿ.ಎ. ಪದ್ಧತಿ ಲೇಖಕನ ಹೆಸರಿನ ಬೆನ್ನಿಗೇ ಇಸವಿಯನ್ನು ಕೇಳುತ್ತದೆ; ಎಂ.ಎಲ್.ಎ. ಪದ್ಧತಿಗೆ ಬರಹದ ನಡುವೆ ಹೆಸರೂ ಪುಟವೂ ಇದ್ದರೆ ಸಾಕು. ಚಿಕಾಗೊ ಪದ್ಧತಿ ಅಡಿಟಿಪ್ಪಣಿಗೂ ಎಡೆಕೊಡುತ್ತದೆ. ಇದೆಲ್ಲ ಅರ್ಥವಿಲ್ಲದ ಮಡಿಯೇನೂ ಅಲ್ಲ. ವಿಜ್ಞಾನಿಗೆ ಮಾತು ಎಂದಿನದು ಎಂಬುದು ಮುಖ್ಯ. ಸಾಹಿತಿಗೆ ಅದು ಯಾವ ಪುಟದ್ದು ಎಂಬುದು ಮುಖ್ಯ.

ಪಟ್ಟಿಯಲ್ಲಿ ತಪ್ಪುಗಳು ಹೆಚ್ಚಿರಲಿಲ್ಲ. ಒಂದು ಹಳೆಯ ಗ್ರಂಥದ ಹೆಸರನ್ನು ಕಂಡು, “ಇದು ನಿನಗೆ ಎಲ್ಲಿ ಸಿಕ್ಕಿತಪ್ಪ?” ಎಂದೆ. ಹುಡುಗ ತಲೆ ತಗ್ಗಿಸಿದ. “ಅದನ್ನು ನೋಡಿಲ್ಲ ಸಾರ್. ಇನ್ನೊಬ್ಬರು ತಮ್ಮ ಪುಸ್ತಕದಲ್ಲಿ ಅದರ ಮಾತನ್ನು ಎತ್ತಿಕೊಟ್ಟಿದ್ದರು.”

ಗದರಿಸಲು ನನಗೆ ಬಾಯಿ ಬರಲಿಲ್ಲ. ತೆರೆದೂ ನೋಡದ ಗ್ರಂಥಗಳನ್ನು ನಾನೂ ಒಂದು ಕಾಲದಲ್ಲಿ ಪಟ್ಟಿಯಲ್ಲಿ ಮೆರೆಸಿದವನೇ.

ಇದು ಕಳ್ಳತನವೆ? ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮದಂತೆ ಶೇಕಡ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಆ ತಕ್ಕಡಿಯಲ್ಲಿ ಹುಡುಗ ನಿರ್ದೋಷಿ. ಮೂಲ ಲೇಖಕನ ಹೆಸರನ್ನೂ ಅವನು ಮುಚ್ಚಿಟ್ಟಿಲ್ಲ. ಆದರೂ ಇಬ್ಬರಿಗೆ ಅನ್ಯಾಯವಾಗಿದೆ. ಆ ಮಾತನ್ನು ಹುಡುಕಿ ತೆಗೆದ ನಡುವಿನ ವಿದ್ವಾಂಸನ ಶ್ರಮ ಅಳಿಸಿಹೋಯಿತು. ಓದುಗನಿಗೋ, ಕಾಣದ್ದನ್ನು ಕಂಡೆನೆಂದು ಸಾಕ್ಷಿ ಹೇಳಿದಂತಾಯಿತು. ನಡುವಿನವರು ಎಡವಿದ್ದರೆ ಆ ತಪ್ಪಿಗೆ ಈಗ ಎರಡು ಸಾಕ್ಷಿ!

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕನ್ನಡ ಕೃತಿಗಳೊಂದೂ ನಮಗೆ ದೊರೆತಿಲ್ಲ. ಅವರು ಕನ್ನಡದಲ್ಲಿ ಗದ್ಯ ಬರೆದರೆಂಬುದನ್ನು ನಾವು ಆ ಉಲ್ಲೇಖದ ಮೇಲೆ ನಂಬಿದ್ದೇವೆ. ಹಾಗೆ ನಂಬಿದ ಯಾವ ವಿದ್ವಾಂಸನೂ ತಾನು ದುರ್ವಿನೀತನ ಗದ್ಯವನ್ನು ಓದಿದೆನೆನ್ನುವುದಿಲ್ಲ; ‘ಕವಿರಾಜಮಾರ್ಗ ಹೇಳುವಂತೆ’ ಎನ್ನುತ್ತಾನೆ. ಅದರಿಂದ ಅವನ ಪಾಂಡಿತ್ಯಕ್ಕೆ ಕುಂದು ಬಂದಿಲ್ಲ.

“ಇಂಥವರ ಗ್ರಂಥದಲ್ಲಿ ಉದ್ಧೃತ ಎಂದು ಸೇರಿಸು. ಎಲ್ಲ ಪದ್ಧತಿಗಳಲ್ಲೂ ಅದಕ್ಕೆ ದಾರಿಯಿದೆ” ಎಂದೆ.

“ಹಾಗೆ ಬರೆದರೆ ನಾನು ಮೂಲವನ್ನು ಓದಿಲ್ಲವೆಂದು ಗೊತ್ತಾಗುತ್ತದಲ್ಲ ಸಾರ್?”

“ಗೊತ್ತಾಗಲಿ ಎಂದೇ ಬರೆಯುವುದು.”

ಹುಡುಗ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕುಳಿತಿದ್ದು, ಕೊನೆಗೆ ಬರೆದುಕೊಂಡು ಹೋದ. ಅವನ ಪ್ರಬಂಧ ಇನ್ನೂ ಕೈಯಲ್ಲಿತ್ತು. ನನ್ನದು ಎಂದೋ ಅಚ್ಚಾಗಿಹೋಗಿದೆ.